ಅಮ್ಮನ ಮೂತ್ರದಲ್ಲಿ ಪೊಟ್ಯಾಸಿಯಂ ಕಡಿಮೆ: ಬೊಂಡ (ಎಳನೀರು) ಕೊಡಬಹುದಾ?

ನಮಸ್ಕಾರ. ಅಮ್ಮನಿಗೆ 24 ಗಂಟೆಯ ಮೂತ್ರ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 14 ಮಿಲಿಮೋಲ್ ಬಂದಿದೆ, ದಿನಾ ಬೊಂಡ ಕುಡಿಸಲಾ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಸಾಮಾನ್ಯವಾಗಿ 25ರಿಂದ 125 ಇರಬೇಕು ನಿಜ, ಆದರೆ ಮೊದಲು ರಕ್ತದ ಪೊಟ್ಯಾಸಿಯಂ ನೋಡಬೇಕು.

ರಕ್ತದಲ್ಲೂ ಕಡಿಮೆ, ಅಂದರೆ ಲೀಟರಿಗೆ 3.5 ಮಿಲಿಮೋಲ್‌ಗಿಂತ ಕೆಳಗೆ ಇದ್ದರೆ, ಕಿಡ್ನಿ ಇರುವುದನ್ನು ಉಳಿಸಿಕೊಳ್ಳುತ್ತಿದೆ ಎಂದರ್ಥ. ಹೆಚ್ಚಾಗಿ ಭೇದಿ, ಹೊಟ್ಟೆ ಸಡಿಲವಾಗಲು ತಿನ್ನುವ ಮಾತ್ರೆಯ ಅತಿ ಬಳಕೆ, ಇಲ್ಲವೇ ಸರಿಯಾಗಿ ಊಟ ಮಾಡದೇ ಇರುವುದು ಕಾರಣ. ವಯಸ್ಸಾದವರು ಬರೀ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯುತ್ತಾರಲ್ವಾ?

ರಕ್ತದಲ್ಲಿ ಜಾಸ್ತಿ ಇದ್ದು ಮೂತ್ರದಲ್ಲಿ ಕಡಿಮೆಯಾದರೆ ವಿಷಯವೇ ಬೇರೆ. ಕಿಡ್ನಿ ಸೋತಿರಬಹುದು, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನು ಸಾಲದೇ ಇರಬಹುದು. ಬಿಪಿಗೆ, ಹೃದಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಎನಲಾಪ್ರಿಲ್, ಕೆಲವು ನೋವಿನ ಮಾತ್ರೆಗಳೂ ಹೀಗೆ ಮಾಡುತ್ತವೆ. ಆಗ ಬೊಂಡ ಕುಡಿಸಿದರೆ ಎದೆಬಡಿತವೇ ಏರುಪೇರಾದೀತು. ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ.

ಇನ್ನೊಂದು ಸಾಧ್ಯತೆ, ನಗಬೇಡಿ. ಬದಿಯಡ್ಕದ ಹತ್ತಿರ ನಮ್ಮ ಮಾವನಿಗೆ ಇದೇ ಪರೀಕ್ಷೆ ಹೇಳಿದ್ದರು. ಮೂತ್ರ ಹಿಡಿಯುವ ಕ್ಯಾನು ಬಚ್ಚಲಲ್ಲೇ ಉಳಿಯಿತು, ಅವರು ಬೆಳಿಗ್ಗೆ ನೀರು ಬಿಡಲು ಹೋದವರು ಎರಡು ಸಲ ಅಡಿಕೆ ಮರದ ಬುಡಕ್ಕೇ ಹೊಯ್ದು ಬಂದರು! ರಿಪೋರ್ಟಿನಲ್ಲಿ ಎಲ್ಲವೂ ಕಡಿಮೆ. ಅದೇ ಮೂತ್ರದ ಕ್ರಿಯಾಟಿನಿನ್ (ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಹೋಗುವ ಕಸ) ನೋಡಿ, ಮೂತ್ರ ಪೂರ್ತಿ ಹಿಡಿದಿಲ್ಲ ಎಂದು ಡಾಕ್ಟರು ಪತ್ತೆ ಹಚ್ಚಿದರು. ಅಮ್ಮನ ರಿಪೋರ್ಟಿನಲ್ಲೂ ಆ ಸಾಲು ನೋಡಿ.

ರಕ್ತದ ರಿಪೋರ್ಟು, ಅಮ್ಮ ತಿನ್ನುವ ಮಾತ್ರೆಗಳ ಪಟ್ಟಿ ಹಿಡಿದು ಇದೇ ವಾರ ಡಾಕ್ಟರ ಹತ್ತಿರ ಹೋಗಿ. ಕೈಕಾಲು ಸೋಲುವುದು, ಎದೆ ಡವಡವ ಶುರುವಾದರೆ ಕಾಯಬೇಡಿ, ಆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.