ಒನ್ ಬೈ ಟು ಸೂಪು, ಬಣ್ಣವಿಲ್ಲದ ಗೋಬಿ

ಹಕ್ಕಾ ನೂಡಲ್ಸ್, ಫ್ರೈಡ್ ರೈಸ್, ಮಂಚೂರಿ ಸಿಗುವ ಸಣ್ಣ ಹೋಟೆಲುಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ನಾವು ನಾಲ್ವರು ಹಾಸ್ಟೆಲ್ ಹುಡುಗರು. ಚೈನೀಸ್ ಹೋಟೆಲಿಗೆ ಹೋದರೆ ತಲೆಗೊಂದು ಫುಲ್ ಪ್ಲೇಟ್ ಹೇಳಿ, ಅರ್ಧ ಬಿಟ್ಟು ಬರುತ್ತೇವೆ. ಬಿಲ್ಲು ಮಾತ್ರ ಜೋರು. ಹೇಗೆ ಆರ್ಡರ್ ಮಾಡಬೇಕು?
— ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಈ ಊಟ ಹಂಚಿಕೊಂಡು ತಿನ್ನುವುದಕ್ಕೇ ಇರುವುದು. ನಾಲ್ವರಿಗೆ ಎರಡು ಸೂಪು ಒನ್ ಬೈ ಟು, ಒಂದು ಡ್ರೈ ಐಟಂ, ಒಂದು ನೂಡಲ್ಸ್, ಒಂದು ಫ್ರೈಡ್ ರೈಸ್, ಒಂದು ಗ್ರೇವಿ ಸಾಕು. ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಡ್ರೈ ಐಟಂ ಮೇಜಿಗೆ ಬಂದ ಮೇಲೆ ನೂಡಲ್ಸ್, ರೈಸ್ ಹೇಳಿ. ನೂಡಲ್ಸ್ ಹತ್ತು ನಿಮಿಷ ಆರಿದರೆ ಅದರ ರುಚಿ ಹೋಯಿತು. ಗ್ರೇವಿಯನ್ನು ರೈಸ್ ಜೊತೆ ಕಲಸಿ ತಿನ್ನಿ, ನೂಡಲ್ಸ್ ಮೇಲೆ ಸುರಿದರೆ ಎರಡೂ ಕೆಡುತ್ತವೆ. ರೈಸ್, ಗ್ರೇವಿ ಎರಡನ್ನೂ ಶೆಜ್ವಾನ್ ಹೇಳಿದರೆ ಖಾರ ಬಿಟ್ಟು ಬೇರೇನೂ ನಾಲಿಗೆಗೆ ಹತ್ತುವುದಿಲ್ಲ.

ಸಣ್ಣ ಹೋಟೆಲಿನಲ್ಲಿ ಮೆನು ಎಷ್ಟೇ ಉದ್ದವಿರಲಿ, ಜನ ಹೆಚ್ಚು ಕೇಳುವ ಐಟಂಗಳನ್ನೇ ಹೇಳಿ. ಅವುಗಳ ಸಾಮಾನು ದಿನದಿನವೂ ಖಾಲಿಯಾಗಿ ಹೊಸದು ಬರುತ್ತದೆ. ಕಡಾಯಿ ಕಾಣುವ ಕಡೆ ಕೂತು ಕರಿಯುವ ಎಣ್ಣೆಯನ್ನು ಗಮನಿಸಿ. ಅದು ಕಪ್ಪಾಗಿ, ಅಂಟಂಟಾಗಿ, ಮೇಲೆ ನೊರೆ ನಿಂತಿದ್ದರೆ ಕರಿದ ಐಟಂ ಬಿಟ್ಟು ನೂಡಲ್ಸ್ ತಿಂದು ಬನ್ನಿ. ಪದೇಪದೇ ಕಾಸಿದ ಎಣ್ಣೆಯಲ್ಲಿ ಕೂಡುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ.

ಹಕ್ಕಾ ನೂಡಲ್ಸ್ ನಿಜಕ್ಕೂ ಚೀನಾದ ಊಟವೇ?
— ನಿವೃತ್ತ ಶಿಕ್ಷಕರು, ಹೊಸದುರ್ಗ

ಹಕ್ಕಾ ಎಂಬುದು ದಕ್ಷಿಣ ಚೀನಾದ ಒಂದು ಸಮುದಾಯ. ಕಲ್ಕತ್ತಾಗೆ ಬಂದು ನೆಲೆಸಿದ ಹಕ್ಕಾ ಜನ ಅಲ್ಲಿನ ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸ ಹಿಡಿದರು. ಮನೆಗೆ ಅಂಟಿಕೊಂಡ ಅಡುಗೆಮನೆಗಳು ನಿಧಾನವಾಗಿ ಹೋಟೆಲುಗಳಾದವು. ಚರ್ಮದ ಕಾರ್ಖಾನೆಗಳನ್ನು ನಗರದ ಹೊರಗೆ ಸಾಗಿಸುವಂತೆ 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಈಗ ಟಾಂಗ್ರಾ ಎಂದರೆ ಜನರಿಗೆ ನೆನಪಾಗುವುದು ಊಟವೇ. ಬಂಗಾಳಿ ಗಿರಾಕಿಗಳ ನಾಲಿಗೆಗೆ ತಕ್ಕಂತೆ ಹಸಿಮೆಣಸು, ಬೆಳ್ಳುಳ್ಳಿ, ಸೋಯಾ ಸಾಸ್ ಹೆಚ್ಚಿಸಿದ ಆ ಅಡುಗೆಯೇ ಇಂದು ನಮ್ಮ ಊರಿನವರೆಗೂ ಬಂದಿದೆ. ಮಂಚೂರಿ ಇನ್ನೂ ಈಚಿನದು. ಕಲ್ಕತ್ತಾ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮೊದಲು ಮಾಡಿದರು ಎನ್ನುತ್ತಾರೆ. ಚೀನಾದ ಹಕ್ಕಾ ಮನೆಗಳ ಅಡುಗೆ ಬೇರೆಯೇ: ಬಿಸಿ ಉಪ್ಪಿನಲ್ಲಿ ಹೂತು ಬೇಯಿಸಿದ ಕೋಳಿ, ಮಾಂಸ ತುಂಬಿದ ತೋಫು, ಉಪ್ಪು ಹಾಕಿ ಒಣಗಿಸಿದ ಸಾಸಿವೆ ಸೊಪ್ಪು. ನಾವು ತಿನ್ನುವುದು ಭಾರತದಲ್ಲಿ ಹುಟ್ಟಿದ ಊಟ. ಅದನ್ನು ನಕಲಿ ಎಂದು ಹಳಿಯುವುದು ಸರಿಯಲ್ಲ.

ಮನೆಯಲ್ಲಿ ಮಾಡಿದ ನೂಡಲ್ಸ್ ಮುದ್ದೆಯಾಗುತ್ತದೆ. ಹೋಟೆಲಿನದು ಎಳೆಎಳೆಯಾಗಿ ಇರುವುದು ಹೇಗೆ?
— ಗೃಹಿಣಿ, ಹರಿಹರ

ತಪ್ಪು ಆಗುವುದು ಮೂರು ಕಡೆ: ನೀರು, ಉರಿ, ಪ್ರಮಾಣ.

200 ಗ್ರಾಂ ನೂಡಲ್ಸಿಗೆ ಕನಿಷ್ಠ 2 ಲೀಟರ್ ನೀರು, 2 ಚಮಚ ಉಪ್ಪು. ನೀರು ಕಡಿಮೆಯಾದರೆ ಬಿಟ್ಟುಕೊಂಡ ಪಿಷ್ಟ ಅಲ್ಲೇ ಗಂಜಿಯಾಗಿ ಎಳೆಗಳನ್ನು ಅಂಟಿಸುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಒಂದೆಳೆ ಮುರಿದು ನೋಡಿ. ನಡುವೆ ಬಿಳಿ ಚುಕ್ಕೆ ಇನ್ನೂ ಸ್ವಲ್ಪ ಕಾಣುತ್ತಿರುವಾಗಲೇ ಬಸಿಯಬೇಕು, ಉಳಿದದ್ದು ಕಡಾಯಿಯಲ್ಲಿ ಬೇಯುತ್ತದೆ. ಕೂಡಲೇ ತಣ್ಣೀರು ಸುರಿದು, ನೀರು ಪೂರ್ತಿ ಸೋರಿದ ಮೇಲೆ ಎರಡು ಚಮಚ ಎಣ್ಣೆ ಸವರಿ, ಅಗಲ ತಟ್ಟೆಯಲ್ಲಿ ಅರ್ಧ ಗಂಟೆ ಹರಡಿಡಿ. ಈ ಅರ್ಧ ಗಂಟೆಯನ್ನು ಬಿಡುವವರೇ ಹೆಚ್ಚು. ಒದ್ದೆ ನೂಡಲ್ಸ್ ಕಡಾಯಿಗೆ ಬಿದ್ದರೆ ಹುರಿಯುವುದಿಲ್ಲ, ಹಬೆಯಲ್ಲಿ ಮತ್ತೆ ಬೇಯುತ್ತದೆ.

ಇನ್ನು ಉರಿ. ಹೋಟೆಲಿನವರದು ಹೈ ಪ್ರೆಶರ್ ಬರ್ನರ್. ಮನೆಯ 14.2 ಕಿಲೋ ಸಿಲಿಂಡರಿನ ರೆಗ್ಯುಲೇಟರ್ ಅನಿಲವನ್ನು ಕಡಿಮೆ ಒತ್ತಡದಲ್ಲಿ ಬಿಡುವಂಥದ್ದು. ಅದಕ್ಕೆ ಹೋಟೆಲಿನ ಬರ್ನರ್ ಜೋಡಿಸುವ ಸಾಹಸ ಖಂಡಿತ ಬೇಡ. ಬದಲಿಗೆ ಪ್ರಮಾಣ ಇಳಿಸಿ: ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ. ನಾಲ್ಕು ಜನರದ್ದು ಒಟ್ಟಿಗೆ ಹಾಕಿದ ಕ್ಷಣವೇ ಕಡಾಯಿ ತಣ್ಣಗಾಗಿ ಎಲೆಕೋಸು ನೀರು ಬಿಡುತ್ತದೆ. ಕಬ್ಬಿಣದ ಕಡಾಯಿ ಹೊಗೆಯಾಡುವವರೆಗೆ ಕಾಯಲಿ. ನಾನ್‌ಸ್ಟಿಕ್ ಇಷ್ಟು ಶಾಖಕ್ಕೆ ತಕ್ಕದ್ದಲ್ಲ, ಅದರ ಲೇಪ ಹಾಳಾಗುತ್ತದೆ. 2 ದೊಡ್ಡ ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ, ಆಮೇಲೆ ಕ್ಯಾರೆಟ್ ಮತ್ತು ಬೀನ್ಸ್, ಕೊನೆಗೆ ಎಲೆಕೋಸು ಮತ್ತು ದಪ್ಪ ಮೆಣಸಿನಕಾಯಿ. ತರಕಾರಿಗೆ ಒಂದೂವರೆ ನಿಮಿಷ ಸಾಕು. ನೂಡಲ್ಸ್ ಹಾಕಿ, 2 ಚಮಚ ಸೋಯಾ ಸಾಸನ್ನು ಕಡಾಯಿಯ ಬಿಸಿ ಅಂಚಿಗೆ ಸುರಿಯಿರಿ. ಅಲ್ಲಿ ಅದು ಚುರ್ರೆಂದು ಸುಟ್ಟಾಗಲೇ ಹೋಟೆಲಿನ ಪರಿಮಳ ಬರುವುದು. ಉಪ್ಪನ್ನು ತರಕಾರಿಯ ಮೇಲೆ ಮೊದಲೇ ಹಾಕಬೇಡಿ, ನೀರೊಡೆಯುತ್ತದೆ. ಅರ್ಧ ಚಮಚ ಕಾಳುಮೆಣಸಿನ ಪುಡಿ, 1 ಚಮಚ ವಿನೆಗರ್, ಈರುಳ್ಳಿ ಸೊಪ್ಪು ಹಾಕಿ ಇಳಿಸಿ. ಸೌಟಿನಿಂದ ಕಲಸದೆ ಎರಡು ಫೋರ್ಕಿನಿಂದ ಎತ್ತಿ ಎತ್ತಿ ಬಿಡಿ.

ಫ್ರೈಡ್ ರೈಸಿಗೂ ಇದೇ ನಿಯಮ. ಸೋನಾ ಮಸೂರಿ ಚೆನ್ನಾಗಿ ಹೊಂದುತ್ತದೆ, ಆದರೆ ಅನ್ನ ಉದುರುದುರಾಗಿ ಪೂರ್ತಿ ಆರಿರಬೇಕು. ರಾತ್ರಿಯಿಡೀ ಒಲೆಕಟ್ಟೆಯ ಮೇಲೆ ಬಿಟ್ಟ ಅನ್ನ ಮಾತ್ರ ಬಳಸಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ.

ಬಣ್ಣ ನಿಷೇಧವಾದ ಮೇಲೆ ಕೆಲವು ಕಡೆ ಗೋಬಿ ಮಂಚೂರಿ ಮಾಸಲಾಗಿ ಬರುತ್ತದೆ. ಬಣ್ಣವಿಲ್ಲದೆ ಕೆಂಪಾಗಿ ಮಾಡಲು ಸಾಧ್ಯವೇ?
— ಗಾಡಿ ವ್ಯಾಪಾರಿ, ಚಳ್ಳಕೆರೆ

ಸಾಧ್ಯ, ಮತ್ತು ನೀವೇ ಈ ಪ್ರಶ್ನೆ ಕೇಳಿದ್ದು ಬಹಳ ಸಂತೋಷ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದವು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್ ಬಣ್ಣಗಳು ಸಿಕ್ಕಿದ್ದವು. ಅದೇ ತಿಂಗಳು ನಿಷೇಧ ಬಂತು, ಜೂನಿನಲ್ಲಿ ಕಬಾಬಿಗೂ ವಿಸ್ತರಿಸಿತು.

ನಿಮಗೆ ಬೇಕಾದ ಕೆಂಪು ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲೇ ಇದೆ. ಅರ್ಧ ಕಿಲೋ ಹೂಕೋಸಿಗೆ 8 ಬ್ಯಾಡಗಿ ಮೆಣಸಿನಕಾಯಿ, ಬೀಜ ತೆಗೆದು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ನುಣ್ಣಗೆ ರುಬ್ಬಿ. ಅರ್ಧವನ್ನು ಹಿಟ್ಟಿಗೆ, ಉಳಿದರ್ಧವನ್ನು ಸಾಸಿಗೆ ಹಾಕಿ. ಮೆಣಸಿನ ಬಣ್ಣ ಕರಗುವುದು ಎಣ್ಣೆಯಲ್ಲಿ. ಆದ್ದರಿಂದ ಸಾಸಿಗೆ ಹಾಕುವ ಪೇಸ್ಟನ್ನು ಮೊದಲು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಎಣ್ಣೆ ಕೆಂಪಾದ ಮೇಲೆ ಮಿಕ್ಕಿದ್ದನ್ನು ಸೇರಿಸಿ. ಜೋರು ಉರಿಯಲ್ಲಿ ಅದು ಕಂದಾಗುತ್ತದೆ. ಕಪ್ಪು ಸೋಯಾ ಸಾಸ್ ಹೆಚ್ಚಾದರೂ ಕೆಂಪು ಮುಚ್ಚಿಹೋಗುತ್ತದೆ, ಅರ್ಧ ಚಮಚಕ್ಕೆ ನಿಲ್ಲಿಸಿ.

ಹೂಕೋಸನ್ನು ಕುದಿಯುವ ಉಪ್ಪುನೀರಿನಲ್ಲಿ 2 ನಿಮಿಷ ಬಿಟ್ಟು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಅರ್ಧ ಕಪ್ ಮೈದಾ, ಕಾಲು ಕಪ್ ಕಾರ್ನ್‌ಫ್ಲೋರ್, 2 ಚಮಚ ಅಕ್ಕಿ ಹಿಟ್ಟು, ಉಪ್ಪು. ಎರಡು ಸಲ ಕರಿಯಿರಿ: ಮೊದಲು ಮಧ್ಯಮ ಉರಿಯಲ್ಲಿ ಹಿಟ್ಟು ಗಟ್ಟಿಯಾಗುವವರೆಗೆ, ಹತ್ತು ನಿಮಿಷ ಬಿಟ್ಟು ಜೋರು ಉರಿಯಲ್ಲಿ ಒಂದು ನಿಮಿಷ. ಗಿರಾಕಿ ಬಂದ ಮೇಲೆಯೇ ಸಾಸಿಗೆ ಹಾಕಿ. ಬಣ್ಣ ಹಾಕಿಲ್ಲ ಎಂದು ಬೋರ್ಡು ಬರೆದಿಡಿ, ಜನ ಹುಡುಕಿಕೊಂಡು ಬರುತ್ತಾರೆ.

ನಮ್ಮದು ಸಸ್ಯಾಹಾರಿ ಕುಟುಂಬ. ವೆಜ್, ನಾನ್‌ವೆಜ್ ಎರಡೂ ಇರುವ ಚೈನೀಸ್ ಹೋಟೆಲಿನಲ್ಲಿ ಏನು ಕೇಳಿ ತಿಳಿಯಬೇಕು?
— ಜಗಳೂರು

ಸುಮ್ಮನೆ ‘ವೆಜ್ ಇದೆಯಾ’ ಎಂದರೆ ‘ಇದೆ ಸಾರ್’ ಎಂಬ ಉತ್ತರವೇ ಬರುತ್ತದೆ. ಬಿಡಿಬಿಡಿಯಾಗಿ ಕೇಳಿ. ಸೂಪಿಗೆ ಹಾಕುವ ಸ್ಟಾಕ್ ಯಾವುದು? ಕೋಳಿ ಮೂಳೆ ಬೇಯಿಸಿದ ನೀರು ಇರಬಹುದು, ಬರೀ ನೀರು ಹಾಕಿ ಮಾಡಿಕೊಡಿ ಎನ್ನಬಹುದು. ಆಯಿಸ್ಟರ್ ಸಾಸ್, ಫಿಶ್ ಸಾಸ್ ಹಾಕುತ್ತೀರಾ? ಮೊದಲನೆಯದು ಸಿಂಪಿಯಿಂದ, ಎರಡನೆಯದು ಮೀನಿನಿಂದ ಮಾಡಿದ್ದು. ನೂಡಲ್ಸಿನಲ್ಲಿ ಮೊಟ್ಟೆ ಇದೆಯೇ? ಚಿಕನ್ ಕರಿದ ಎಣ್ಣೆಯಲ್ಲೇ ಗೋಬಿ ಕರಿಯುತ್ತೀರಾ? ಕಡಾಯಿ ಒಂದೇ ಆಗಿದ್ದರೆ ಐಟಂ ಐಟಂ ನಡುವೆ ಒಂದು ಸೌಟು ನೀರು ಹಾಕಿ ತಿರುವಿ ಚೆಲ್ಲುತ್ತಾರೆ, ಅಷ್ಟೇ. ಅದು ಮನಸ್ಸಿಗೆ ಒಪ್ಪದಿದ್ದರೆ ಪ್ಯೂರ್ ವೆಜ್ ಹೋಟೆಲಿಗೇ ಹೋಗಿ.

ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ವಿಷವೇ? ನನಗೆ ಬಿಪಿ ಇದೆ.
— ಚಿತ್ರದುರ್ಗ

ವಿಷವಲ್ಲ. ಅದರಲ್ಲಿರುವ ಗ್ಲುಟಮೇಟ್ ಟೊಮೆಟೊದಲ್ಲೂ ಇದೆ. ಖಾಲಿ ಹೊಟ್ಟೆಯಲ್ಲಿ ಹೆಚ್ಚು ತಿಂದ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಮುಖ ಬಿಸಿಯಾಗುವುದು ಆಗಬಹುದು. ವರ್ಷ ತುಂಬದ ಮಕ್ಕಳಿಗೆ ಬೇಡ. ಬಿಪಿ ಇರುವವರು ನಿಜವಾಗಿ ಹೆದರಬೇಕಾದ್ದು ಸೋಯಾ ಸಾಸಿಗೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2,000. ಉಪ್ಪು, ಸಾಸ್ ಕಡಿಮೆ ಎಂದು ಆರ್ಡರ್ ಕೊಡುವಾಗಲೇ ಹೇಳಿ, ಸೂಪು ಬಿಟ್ಟುಬಿಡಿ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದರು. ಕೊಡಲೇಬೇಕೇ?
— ದಾವಣಗೆರೆ

ಬೇಕಿಲ್ಲ, ತೆಗೆಯಲು ಹೇಳಿ. ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915. ಶೇ. 5 ಜಿಎಸ್‌ಟಿ ಬೇರೆ ವಿಷಯ. ಆದರೆ ಕಾಂಪೊಸಿಷನ್ ಸ್ಕೀಮಿನಲ್ಲಿರುವ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ವ್ಯವಸ್ಥೆ) ಹೋಟೆಲು ಅದನ್ನೂ ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ.

ಪಾರ್ಸೆಲ್ ತಂದ ಗೋಬಿ ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗುತ್ತದೆ.
— ಹಿರಿಯೂರು

ಕರಿದ ಗೋಬಿಯನ್ನೂ ಸಾಸನ್ನೂ ಬೇರೆಬೇರೆ ಕಟ್ಟಿಸಿ. ಗೋಬಿಯ ಡಬ್ಬಿಯ ಮುಚ್ಚಳ ಸ್ವಲ್ಪ ತೆರೆದಿರಲಿ, ಹಬೆ ಒಳಗೇ ನಿಂತರೆ ಎರಡು ಸಲ ಕರಿದದ್ದೂ ಮೆತ್ತಗಾಗುತ್ತದೆ. ಮನೆಯಲ್ಲಿ ಕಾದ ಬಾಣಲೆಗೆ ಎಣ್ಣೆಯಿಲ್ಲದೆ ಹಾಕಿ ಎರಡು ನಿಮಿಷ ತಿರುವಿ, ಸಾಸನ್ನು ಬೇರೆಯಾಗಿ ಬಿಸಿ ಮಾಡಿ, ತಟ್ಟೆಗೆ ಹಾಕುವ ಹೊತ್ತಿಗೆ ಕಲಸಿ.