ರೇಟು ಎಲ್ಲಿದೆ ಸಾರ್?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ವೆಬ್‌ಸೈಟ್ ನೋಡಲು ಚೆನ್ನಾಗಿದೆ. ಆದರೂ ದಿನಾ ಜನ ಫೋನ್ ಮಾಡಿ ರೇಟು ಎಷ್ಟು, ದಾರಿ ಯಾವುದು ಅಂತ ಕೇಳುತ್ತಾರೆ. ಎಲ್ಲಾ ಸೈಟಿನಲ್ಲೇ ಇದೆಯಲ್ಲ!

ಉತ್ತರ: ಇದೆ, ಆದರೆ ಎಲ್ಲಿದೆ? ಮೊದಲ ಪುಟದ ತುಂಬ ಮಂಜಿನ ಬೆಟ್ಟದ ಫೋಟೋಗಳು ಸುಮ್ನೆ ಜಾರುತ್ತಿವೆ, ರೇಟು ಮಾತ್ರ ‘ನಮ್ಮ ಬಗ್ಗೆ’ ಪುಟದಲ್ಲಿ, ನಿಮ್ಮ ತಾತನ ಕಾಫಿ ತೋಟದ ಕಥೆ ಮುಗಿದ ಮೇಲೆ ಬರುತ್ತದೆ. ಅಲ್ಲಿ ಯಾರು ಹುಡುಕುತ್ತಾರೆ ಹೇಳಿ? ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಒಂದು ವಾರ ಬರೆದಿಡಿ. ಅವೇ ನಿಮ್ಮ ಸೈಟಿನ ಮೆನು. ರೂಮು, ರೇಟು, ದಾರಿ, ಸಂಪರ್ಕ, ಸಾಕು. ನಂಬರ್ ಪ್ರತಿ ಪುಟದಲ್ಲೂ ಇರಲಿ, ಮುಟ್ಟಿದರೆ ಕರೆ ಹೋಗುವಂತೆ.

ಇನ್ನು ಕನ್ನಡ ಪುಟ. ಟೈಪ್ ಮಾಡಿ ಚಿತ್ರವಾಗಿ ಅಂಟಿಸಿದ್ದೀರಿ. ಹುಡುಕಾಟದಲ್ಲಿ ಅದು ಸಿಗುವುದು ಕಷ್ಟ, ಕಣ್ಣು ಕಾಣದವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅದು ಅಕ್ಷರವಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿಗೂ ಅಕ್ಷರವೆಂದೇ ತಿಳಿಯುವ ರೂಪದಲ್ಲಿ ಹಾಕಿಸಿ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಪುಕ್ಕಟೆ ಸಿಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಿಳಿ ಹಸಿರಿನ ಮೇಲೆ ಬಿಳಿ ಅಕ್ಷರ ಬೇಡವೇ ಬೇಡ. ವೆಬ್‌ಸೈಟು ಎಲ್ಲರಿಗೂ ಬಳಸಲು ಬರುವಂತಿರಲು ಮಾಡಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಎಎ ಮಟ್ಟಕ್ಕೆ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಎರಡರ ಹೊಳಪಿನಲ್ಲಿ ಅಷ್ಟು ಅಂತರ ಇರಬೇಕು.

ಫೋಟೋಗಳನ್ನು ಕುಗ್ಗಿಸಿ, ಘಾಟಿಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಅಲ್ವಾ. ತಾತನ ಕಥೆ ಮಾತ್ರ ತೆಗೆಯಬೇಡಿ, ಚೆನ್ನಾಗಿದೆ. ರೇಟಿನ ಕೆಳಗೆ ಇರಲಿ, ಅಷ್ಟೇ.