ಕ್ಯಾನ್ಸರ್ ಕೊಲ್ಲುವ ವೈರಸ್ ಬರುತ್ತದೆ ಅಂತ ರೇಡಿಯೇಶನ್ ಮುಂದೂಡಬಹುದೇ?

ಬೇಡ, ದಯವಿಟ್ಟು ಮುಂದೂಡಬೇಡಿ.

ತೀರ್ಥಹಳ್ಳಿಯ ನಿಮ್ಮ ಚಿಕ್ಕಮ್ಮನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್, ಸ್ಟೇಜ್ 2ಬಿ, ಡಾಕ್ಟರು ರೇಡಿಯೇಶನ್ ಜೊತೆ ಕೀಮೋ ಹೇಳಿದ್ದಾರೆ ಅಂತ ಬರೆದಿದ್ದೀರಿ. ಮನೆಯಲ್ಲಿ ಕೆಲವರು 'ಕ್ಯಾನ್ಸರನ್ನೇ ತಿನ್ನೋ ವೈರಸ್ ಇಂಜೆಕ್ಷನ್ ಬಂದಿದೆಯಂತೆ, ಸ್ವಲ್ಪ ಕಾಯೋಣ' ಅನ್ನುತ್ತಿದ್ದಾರೆ. ಅಂಥ ವೈರಸ್ ಇರುವುದು ಸುಳ್ಳಲ್ಲ. ಆದರೆ ನಿಮ್ಮ ಚಿಕ್ಕಮ್ಮನ ಕಾಯಿಲೆಗೆ ಅದಿನ್ನೂ ಔಷಧಿಯಾಗಿಲ್ಲ.

ನಾನು ಶಿವಮೊಗ್ಗದಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವಳು, ಡಾಕ್ಟರ್ ಅಲ್ಲ. ನಮ್ಮ ಅತ್ತಿಗೆಗೆ ಇದೇ ಕಾಯಿಲೆ ಬಂದಾಗ ಚಿಕಿತ್ಸೆ ಮುಗಿಯುವವರೆಗೂ ಜೊತೆಗಿದ್ದೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ವೈರಸ್ಸಿನಿಂದ ಕ್ಯಾನ್ಸರ್ ಕೊಲ್ಲುವ ಯೋಚನೆ ತುಂಬಾ ಹಳೆಯದು. ಲ್ಯಾಬುಗಳಲ್ಲಿ ಇಂದಿಗೂ ಬೆಳೆಸುವ ಹೀಲಾ ಜೀವಕೋಶಗಳು ಇದೇ ಕ್ಯಾನ್ಸರಿನಿಂದ 1951ರಲ್ಲಿ ತೆಗೆದವು. ಶೀತ, ಕಣ್ಣುಬೇನೆ ತರುವ ಅಡಿನೋವೈರಸ್ ಅವುಗಳೊಳಗೆ ಬೆಳೆದು ಅವನ್ನು ಸಾಯಿಸುವುದು ಕಂಡುಬಂತು. ಹಾಗಾದರೆ ರೋಗಿಗೇ ಕೊಟ್ಟು ನೋಡೋಣ ಅಂತ ಅಮೆರಿಕದಲ್ಲಿ 30 ಹೆಂಗಸರಿಗೆ ಕೊಟ್ಟರು. 1956ರಲ್ಲಿ ವರದಿ ಬಂತು. 40 ಸಲ ಕೊಟ್ಟಿದ್ದರಲ್ಲಿ 26 ಸಲ ಗೆಡ್ಡೆಯ ಒಂದು ಭಾಗ ಸತ್ತಿತ್ತು. ಆದರೆ ಯಾರಿಗೂ ವಾಸಿಯಾಗಲಿಲ್ಲ.

ನಮ್ಮ ಜಿಲ್ಲೆಗೂ ಈ ಚರಿತ್ರೆಗೂ ನಂಟಿದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಗೊತ್ತಲ್ವಾ? ಆ ವೈರಸ್ಸನ್ನೂ, ಅದರ ಹತ್ತಿರದ ಸಂಬಂಧಿಯಾದ ಲಂಗಟ್ ವೈರಸ್ಸನ್ನೂ ಇಂಗ್ಲೆಂಡಿನ ವೈದ್ಯರು ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮತ್ತಿತರ ಕ್ಯಾನ್ಸರ್ ಇದ್ದ 28 ಜನರ ಮೇಲೆ ಪ್ರಯೋಗಿಸಿದ್ದರು. 1966ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಗಿದೆ. ಕೆಲವರಿಗೆ ಸ್ವಲ್ಪ ಕಾಲ ಗುಣ ಕಂಡಿತು, ಕೆಲವರಿಗೆ ಮೆದುಳು ಜ್ವರ ಬಂತು. ಬೇಸಿಗೆ ಬಂದರೆ ಮಂಗನ ಕಾಯಿಲೆ ಹರಡುವ ಉಣುಗಿಗೆ ಹೆದರಿ ಕಾಡಿನ ಕಡೆ ತಲೆ ಹಾಕದ ನಮಗೆ ಇದನ್ನು ಓದಿದರೆ ಮೈ ಜುಂ ಅನ್ನುತ್ತದೆ.

ಈಗ ಚಿಕಿತ್ಸೆಗೆ ಬಳಸುವ ಹೆಚ್ಚಿನ ವೈರಸ್‌ಗಳು ಹಾಗಲ್ಲ, ಜೀನ್ ತಿದ್ದಿ ಪಳಗಿಸಿದವು. ಮಾಮೂಲಿ ಜೀವಕೋಶಕ್ಕೆ ವೈರಸ್ ಹೊಕ್ಕರೆ ಪಿ53 ಅನ್ನುವ ಪ್ರೋಟೀನು ಆ ಜೀವಕೋಶವನ್ನೇ ಸಾಯಿಸಿ ಸೋಂಕು ತಡೆಯುತ್ತದೆ. ಅಡಿನೋವೈರಸ್ ಬಳಿ ಈ ಪಿ53 ಬಾಯಿ ಮುಚ್ಚಿಸುವ ಒಂದು ಜೀನ್ ಇದೆ. ಅದನ್ನು ಕಿತ್ತು ಹಾಕಿದರೆ, ಪಿ53 ಕೆಟ್ಟಿರುವ ಕ್ಯಾನ್ಸರ್ ಜೀವಕೋಶದಲ್ಲಿ ಮಾತ್ರ ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಲೆಕ್ಕಾಚಾರ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ವೈರಸ್ಸಾದ ಎಚ್‌ಪಿವಿ ಮಾಡುವುದೂ ಅದನ್ನೇ, ತನ್ನ ಇ6 ಪ್ರೋಟೀನಿನಿಂದ ಪಿ53 ಅನ್ನು ನಾಶ ಮಾಡುತ್ತದೆ. ಒಂದು ವೈರಸ್ ಮುರಿದ ಬಾಗಿಲಲ್ಲೇ ಇನ್ನೊಂದನ್ನು ಒಳಗೆ ಕಳಿಸಿದ ಹಾಗೆ. ನನಗಂತೂ ಇದು ವಿಜ್ಞಾನದ ತುಂಬಾ ಚಂದದ ಯೋಚನೆ ಅನ್ನಿಸುತ್ತದೆ.

ಆ ಜೀನ್ ತೆಗೆದ ಎಚ್101 ಎಂಬ ವೈರಸ್ಸಿಗೆ 2005ರಲ್ಲಿ ಚೀನಾ ಅನುಮತಿ ಕೊಟ್ಟಿತು. ಅದು ತಲೆ-ಕುತ್ತಿಗೆ ಕ್ಯಾನ್ಸರಿಗೆ, ಕೀಮೋ ಜೊತೆಗೆ. 2015ರಲ್ಲಿ ಅಮೆರಿಕದಲ್ಲಿ ತಿದ್ದಿದ ಹರ್ಪಿಸ್ ವೈರಸ್ ಬಂತು, ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಇನ್ನೂ ಪ್ರಯೋಗದ ಹಂತ. ಸೂಜಿಯಲ್ಲಿ ಚುಚ್ಚಿದ ವೈರಸ್ ಗೆಡ್ಡೆಯ ತುಂಬ ಸಮನಾಗಿ ಹರಡುವುದಿಲ್ಲ. ನಮ್ಮ ರೋಗನಿರೋಧಕ ಶಕ್ತಿಯೇ ಅದನ್ನು ಹಿಡಿದು ಹಾಕುತ್ತದೆ. 2ಬಿ ಅಂದರೆ ಗೆಡ್ಡೆ ಗರ್ಭಕೋಶದ ಪಕ್ಕದ ಭಾಗಕ್ಕೂ ಹಬ್ಬಿದೆ ಅಂತ. ಅಲ್ಲಿಗೆಲ್ಲ ರೇಡಿಯೇಶನ್ ತಲುಪುತ್ತದೆ.

ಮುಖ್ಯವಾದ ಮಾತು ಇದು: ಈ ಹಂತದಲ್ಲಿ ಡಾಕ್ಟರು ಕೊಡುವುದು ಪೂರ್ತಿ ವಾಸಿ ಮಾಡಬೇಕು ಅಂತಲೇ ಕೊಡುವ ಚಿಕಿತ್ಸೆ. ಸುಮಾರು ಐದು ವಾರ ಹೊರಗಿನಿಂದ ರೇಡಿಯೇಶನ್, ವಾರಕ್ಕೊಮ್ಮೆ ಕೀಮೋ ಔಷಧಿ ಸಿಸ್‌ಪ್ಲಾಟಿನ್, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಶನ್, ಅಂದರೆ ಬ್ರಾಕಿಥೆರಪಿ. ಎಲ್ಲಾ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಎಳೆದಷ್ಟೂ ಗೆಡ್ಡೆ ಉಳಿಯುವ ಅಪಾಯ ಜಾಸ್ತಿ. ಅಡಿಕೆ ಕೊಯ್ಲು ಮುಗಿಯಲಿ, ಮನೆಯಲ್ಲಿ ಮದುವೆ ಇದೆ, ಇವೆಲ್ಲ ನಮ್ಮ ಕಡೆ ಮಾಮೂಲಿ ನೆಪ. ನಡುವೆ ಒಂದು ವಾರ ಬಿಟ್ಟರೂ ನಷ್ಟವೇ.

ಸುಲಭ ಅಂತ ಹೇಳಲಾರೆ. ದಿನಾ ರೇಡಿಯೇಶನ್ನಿಗೆ ಮುಂಚೆ ಮೂತ್ರ ಮಾಡಿಬಂದು, ಹೇಳಿದಷ್ಟು ನೀರು ಕುಡಿದು ಕಾಯಬೇಕು. ಮೂತ್ರಕೋಶ ತುಂಬಿದ್ದರೆ ಕರುಳು ಮೇಲೆ ಸರಿಯುತ್ತದೆ, ಅದಕ್ಕೆ ಪೆಟ್ಟು ಕಡಿಮೆ. ಮೆಷಿನ್ ತಡವಾದ ದಿನ ನಮ್ಮ ಅತ್ತಿಗೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದರು. ರೇಡಿಯೇಶನ್ ಕೊಡುವ ಜಾಗ ಗುರುತಿಸಲು ಹೊಟ್ಟೆಯ ಮೇಲೆ ಹಾಕಿದ ಶಾಯಿ ಗೆರೆ ಅಳಿಸೀತು ಅಂತ ಸ್ನಾನಕ್ಕೂ ಹೆದರುತ್ತಿದ್ದರು. ಭೇದಿ, ಸುಸ್ತು ಎಲ್ಲಾ ಇತ್ತು. ಈಗ ಮಜ್ಜಿಗೆ ಕಡೆಯುವುದರಿಂದ ಹಿಡಿದು ಎಲ್ಲ ಕೆಲಸ ಅವರೇ ಮಾಡುತ್ತಾರೆ.

ನಾಳೆಯೇ ಹೋಗಿ ರೇಡಿಯೇಶನ್ ಶುರುವಾಗುವ ತಾರೀಖು ಬರೆಸಿಕೊಳ್ಳಿ. ಬ್ರಾಕಿಥೆರಪಿ ಅದೇ ಆಸ್ಪತ್ರೆಯಲ್ಲಿ ಇದೆಯಾ, ಇಲ್ಲವಾದರೆ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕಾ ಅಂತ ಈಗಲೇ ಕೇಳಿ. ಹಿಮೋಗ್ಲೋಬಿನ್ ಎಷ್ಟಿದೆ ನೋಡಿ, ಕಡಿಮೆಯಿದ್ದರೆ ರಕ್ತ ಬೇಕಾಗಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಖರ್ಚಿಗೆ ಸಹಾಯ ಸಿಗುತ್ತದೆ. ಬಯಾಪ್ಸಿ ರಿಪೋರ್ಟು, ಎಂಆರ್‌ಐ ಸಿಡಿ, ಆಧಾರ್ ಒಂದೇ ಕವರಿನಲ್ಲಿ ಇಟ್ಟುಕೊಂಡು ಹೋಗಿ.